ದೋಣಿಯವನ ಬೆನ್ನು

ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರಿಗೆ ಧೈರ್ಯ ಹೇಳುವುದು ಅವನ ಉದ್ಯೋಗ. ಊರಿನ ಯಾವ ಕಟ್ಟಡದಲ್ಲೇ ಆಗಲಿ, ಎರಡು ಮಹಡಿಗಳ ನಡುವೆ ಲಿಫ್ಟು ನಿಂತು ಒಳಗಿದ್ದವರು ಕೆಂಪು ಗುಂಡಿ ಒತ್ತಿದರೆ, ಗೋಡೆಯ ಸಣ್ಣ ತೂತುಗಳಿಂದ ಹೊರಡುವ ದನಿ ಅವನದು. "ಗಾಬರಿಯಾಗಬೇಡಿ. ನಿಮ್ಮನ್ನ ಹೊರಗೆ ಕರಕೊಂಡು ಬರ್ತೀವಿ. ಅಲ್ಲೀವರೆಗೂ ನಾನು ಲೈನಲ್ಲೇ ಇರ್ತೀನಿ." ಈ ಮಾತು ಅವನ ನಾಲಿಗೆಗೆ ಎಷ್ಟು ಅಂಟಿಕೊಂಡಿತ್ತೆಂದರೆ, ಮನೆಯಲ್ಲಿ ಹಾಲು ಉಕ್ಕಿದರೂ ಅವನು ಒಲೆ ಆರಿಸುವ ಮೊದಲು ಹಾಲಿಗೆ ಧೈರ್ಯ ಹೇಳುತ್ತಿದ್ದ. ಹಾಗಾಗಿ ಕಟ್ಟಡದವರೆಲ್ಲ ಅವನನ್ನು ಗಾಬರಿಬೇಡಪ್ಪ ಎಂದು ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ವಿದ್ಯುತ್ ಬಿಲ್ಲಿನ ಮೇಲೆ ಮಾತ್ರ ಉಳಿದಿತ್ತು.

ಅವನಿಗೆ ಲಿಫ್ಟು ರಿಪೇರಿ ಬರುತ್ತಿರಲಿಲ್ಲ. ಲಿಫ್ಟಿನ ಹೊಟ್ಟೆಯೊಳಗೆ ಏನಿರುತ್ತದೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಮೆಕ್ಯಾನಿಕ್ಕನ್ನು ಓಡಿಸುವುದು, ಅವನು ತಲುಪುವವರೆಗೆ ಒಳಗಿದ್ದವರ ಜೊತೆ ಮಾತಾಡುತ್ತಿರುವುದು, ಇಷ್ಟೇ ಕೆಲಸ. ಆದರೆ ಆ ಕೆಲಸದಲ್ಲಿ ಒಂದು ಕಟ್ಟುನಿಟ್ಟಿತ್ತು. ಬರ್ತೀವಿ ಅಂದಮೇಲೆ ಬರಲೇಬೇಕು. ಮಳೆಯಿರಲಿ, ಮುಷ್ಕರವಿರಲಿ, ಮೆಕ್ಯಾನಿಕ್ಕಿನ ಮದುವೆಯೇ ಇರಲಿ, ಬರಲೇಬೇಕು. ಜಗತ್ತಿನಲ್ಲಿ ಆ ಮಾತನ್ನು ಯಾರು ಹೇಳಿದರೂ ಅರ್ಥ ಅದೇ ಎಂದು ಗಾಬರಿಬೇಡಪ್ಪ ನಂಬಿಕೊಂಡಿದ್ದ. ಮುಂದೆ ಆದ ಅನಾಹುತಕ್ಕೆಲ್ಲ ಈ ನಂಬಿಕೆಯೇ ಮೂಲ.

ಮನೆಯಲ್ಲಿ ಅವನನ್ನು ಸಾಕಿದ ದೊಡ್ಡಮ್ಮ ಇದ್ದಳು. ದೊಡ್ಡಮ್ಮನಿಗೆ ಗುಟ್ಟಿನ ಮಾತು ಹೇಳುವುದೂ ಒಂದೇ, ತಾರಸಿಯ ಮೇಲೆ ಧ್ವನಿವರ್ಧಕ ಕಟ್ಟುವುದೂ ಒಂದೇ. ಇನ್ನೊಬ್ಬಳು ತಂಗಿ. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವಳು. ಬರುವಾಗ ಎರಡು ಸೂಟ್‌ಕೇಸು ತಂದಿದ್ದಳು, ಗಂಡ ಆಡುತ್ತಿದ್ದ ವಿಡಿಯೋ ಆಟದ ಪೆಟ್ಟಿಗೆ ತಂದಿದ್ದಳು. ಮಾತು ಮಾತ್ರ ತಂದಿರಲಿಲ್ಲ.

ಆಟದ ಹೆಸರು 'ಮಂಜುಕೋಟೆ'. ಒಂದಲ್ಲ, ಒಂಬತ್ತು ಭಾಗ. ಪ್ರತಿ ಭಾಗದಲ್ಲೂ ನೆರಳರಸ ಎಂಬ ದುಷ್ಟನು ರಾಣಿಯನ್ನು ಹೊತ್ತೊಯ್ಯುತ್ತಾನೆ. ಪ್ರತಿ ಭಾಗದಲ್ಲೂ ಕೀಲಿಕಾರ ಎಂಬ ಹುಡುಗ ಕಾಡು ಗುಹೆ ದಾಟಿ, ನೂರು ಬೀಗ ತೆಗೆದು, ನೆರಳರಸನನ್ನು ಕೊಂದು ರಾಣಿಯನ್ನು ಬಿಡಿಸಿ ತರುತ್ತಾನೆ. ಮುಂದಿನ ಭಾಗದ ಹೊತ್ತಿಗೆ ನೆರಳರಸ ಸ್ನಾನ ಮಾಡಿ ಬಟ್ಟೆ ಬದಲಿಸಿದವನಂತೆ ಹೊಸದಾಗಿ ಎದ್ದು ಬರುತ್ತಾನೆ.

ತಂಗಿಯ ಗಂಡ ಮೂರನೇ ಭಾಗದಲ್ಲಿದ್ದ. ಹೊಳೆ ದಾಟುವ ಜಾಗ. ಆಟ ನಿಲ್ಲಿಸಿ, 'ಬಂದೆ' ಅಂತ ಹೇಳಿ, ಬ್ರೆಡ್ಡು ತರಲು ರಸ್ತೆ ದಾಟಲು ಹೋದ. ಅಷ್ಟೇ.

ಪೆಟ್ಟಿಗೆ ಸುಮ್ಮನೆ ಧೂಳು ತಿನ್ನುವುದನ್ನು ನೋಡಲಾರದೆ ಗಾಬರಿಬೇಡಪ್ಪ ಒಂದು ಸಂಜೆ ಅದನ್ನು ಟಿವಿಗೆ ಸಿಕ್ಕಿಸಿ, ಆಟ ನಿಂತಿದ್ದಲ್ಲಿಂದಲೇ ಮುಂದುವರಿಸಿದ. ತೆರೆಯ ಮೇಲೆ ಹೊಳೆ, ದಡದಲ್ಲಿ ದೋಣಿ, ದೋಣಿಯಲ್ಲಿ ಹುಟ್ಟು ಹಿಡಿದ ಮುದುಕ. ಕೀಲಿಕಾರ ಆಗಷ್ಟೇ ದೋಣಿಯಿಂದ ಇಳಿದಿದ್ದ. ಮುದುಕನ ತಲೆಯ ಮೇಲೆ ಅಕ್ಷರ ಮೂಡಿತ್ತು: 'ನೀನು ಬರೋವರೆಗೂ ದೋಣಿ ಇಲ್ಲೇ ಇರುತ್ತೆ. ಬೇಗ ಬಾ.' ಕೆಳಗೆ ಉತ್ತರಕ್ಕೆ ಒಂದೇ ಗುಂಡಿ: 'ಬರ್ತೀನಿ'. ಒತ್ತದೆ ಆಟ ಮುಂದಕ್ಕೆ ಹೋಗುವುದಿಲ್ಲ. ಗಾಬರಿಬೇಡಪ್ಪ ಒತ್ತಿದ. ಹಿಂದೆ ಬಂಡೆ ಕುಸಿದು ದಾರಿ ಮುಚ್ಚಿತು. ಭಾಗ ಮುಗಿಯುವಾಗ ಕೀಲಿಕಾರ ರಾಣಿಯ ಜೊತೆ ಹದ್ದಿನ ಮೇಲೆ ಕೂತು ಬೇರೆ ದಿಕ್ಕಿಗೆ ಹಾರಿಹೋದ.

ಅಲ್ಲಿಂದ ಒಂಬತ್ತನೇ ಭಾಗದವರೆಗೆ ಬರಲು ಅವನಿಗೆ ಒಂದು ಚಳಿಗಾಲ, ಎರಡು ಜೊತೆ ಕನ್ನಡಕ ಬೇಕಾದವು. ಒಂಬತ್ತನೇ ಸಲ ನೆರಳರಸ ಸತ್ತಾಗ ಅವನು ಸೋಫಾ ಮೇಲೆ ಹತ್ತಿ ನಿಂತು ಕೈ ಎತ್ತಿದ. ದೊಡ್ಡಮ್ಮ ಚಪ್ಪಾಳೆ ತಟ್ಟಿದಳು. ಇಡೀ ಚಳಿಗಾಲ ಅದೇ ಕೋಣೆಯ ಮೂಲೆಯಲ್ಲಿ ಕೂತು ಬಟ್ಟೆ ಮಡಚಿದ್ದ ತಂಗಿ ಮೊದಲ ಬಾರಿಗೆ ಬಾಯಿ ತೆರೆದಳು.

"ಆ ದೋಣಿಯವನು?"

"ಯಾವ ದೋಣಿಯವನು?"

"ಮೂರನೇ ಭಾಗದವನು. ಇನ್ನೂ ಅಲ್ಲೇ ಇದಾನಾ?"

ಸೋಫಾ ಮೇಲೆ ನಿಂತಿದ್ದ ಗಾಬರಿಬೇಡಪ್ಪನ ಎತ್ತಿದ ಕೈ ಇಳಿಯಲಿಲ್ಲ. ಇದಾನೆ ಎಂದು ಹೇಳುವುದು ಅವನಿಂದಾಗಲಿಲ್ಲ. ತಂಗಿ ಬಂದಾಗಿನಿಂದ ಅವನನ್ನು ಕೇಳಿದ್ದ ಮೊದಲ ಪ್ರಶ್ನೆ ಅದು.

"ಇಲ್ಲ, ಇಲ್ಲ" ಎಂದ. "ಮುಂದಿನ ಭಾಗದಲ್ಲಿ ಅವನನ್ನ ಕರಕೊಂಡು ಬರೋಕೆ ಬರ್ತಾರೆ."

"ಯಾರು ಹೇಳಿದ್ರು?"

"ಕಂಪನಿಯವರೇ. ನಾನು ಮಾತಾಡಿದೀನಲ್ಲ!"

ತಂಗಿ ಅವನನ್ನು ನೋಡಿದಳು. ಮಡಚಿದ್ದ ಅಂಗಿಯನ್ನು ಬಿಚ್ಚಿ ಮತ್ತೆ ಮಡಚಿದಳು. ದೊಡ್ಡಮ್ಮ ಮಾತ್ರ ಚಪ್ಪಲಿ ಮೆಟ್ಟಿಕೊಂಡು ಆಗಲೇ ಬಾಗಿಲಾಚೆ ಹೋಗಿಯಾಗಿತ್ತು.

ಅವನು ಸೋಫಾದಿಂದ ಇಳಿಯುವಷ್ಟರಲ್ಲಿ ಎರಡನೇ ಮಹಡಿಗೆ ಸುದ್ದಿ ಮುಟ್ಟಿತ್ತು. ನೆಲಮಹಡಿ ತಲುಪುವ ಹೊತ್ತಿಗೆ ಸುದ್ದಿ ಬೆಳೆದು, ಆಟದ ಕಂಪನಿಯವರು ಗಾಬರಿಬೇಡಪ್ಪನ ಕೈಹಿಡಿದು 'ಮುಂದಿನ ಭಾಗ ಎಲ್ಲಿಗೆ ಹೋಗಬೇಕು ನೀವೇ ಹೇಳಿ' ಎಂದು ಕೇಳಿಕೊಂಡಿದ್ದರು.

ಇದರಲ್ಲಿ ಅರ್ಧ ನಿಜವೂ ಇತ್ತು. ಕಂಪನಿ ತನ್ನ ಜಾಲತಾಣದಲ್ಲಿ 'ಮಂಜುಕೋಟೆಯ ಹತ್ತನೇ ಭಾಗ ಎಲ್ಲಿಗೆ ಹೋಗಬೇಕು? ನೀವೇ ಹೇಳಿ!' ಎಂದು ಲೋಕವನ್ನೆಲ್ಲ ಕೇಳಿತ್ತು. ಹೇಳಿದ ಸುಳ್ಳನ್ನು ಬೆಳಗಾಗುವುದರೊಳಗೆ ನಿಜ ಮಾಡಿಬಿಡುವ ಆತುರದಲ್ಲಿ ಗಾಬರಿಬೇಡಪ್ಪ ಆಗಲೇ ಕೂತು ಬರೆದ: 'ಮಾನ್ಯರೇ, ಮೂರನೇ ಭಾಗದ ಹೊಳೆಯ ದಡದಲ್ಲಿ ಒಬ್ಬರು ಸಿಕ್ಕಿಹಾಕಿಕೊಂಡಿದ್ದಾರೆ. ವಯಸ್ಸಾದವರು. ಬರ್ತೀನಿ ಎಂದು ಹೇಳಿಯಾಗಿದೆ. ದಯವಿಟ್ಟು ತಕ್ಷಣ ಯಾರನ್ನಾದರೂ ಕಳಿಸಿ.'

ಕಳಿಸಿ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು. 'ನಿಮ್ಮ ಅಭಿಪ್ರಾಯ ನಮಗೆ ತಲುಪಿದೆ. ಅದು ನಮಗೆ ಅಮೂಲ್ಯ. ನಮ್ಮ ತಂಡ ಶೀಘ್ರದಲ್ಲೇ ನಿಮ್ಮನ್ನು ಸಂಪರ್ಕಿಸುತ್ತದೆ.'

ಬೇರೆ ಯಾರೇ ಆಗಿದ್ದರೂ ಅದನ್ನು ಯಂತ್ರದ ಉತ್ತರವೆಂದು ಒಂದೇ ನೋಟಕ್ಕೆ ತಿಳಿಯುತ್ತಿದ್ದರು. ಆದರೆ ಗಾಬರಿಬೇಡಪ್ಪನ ಕಸುಬಿನಲ್ಲಿ ಉತ್ತರ ಬೇಗ ಬಂದಷ್ಟೂ ಮನುಷ್ಯ ಹತ್ತಿರವಿದ್ದಾನೆಂದು ಅರ್ಥ. ತಂಡ ಹೊರಟಿದೆ! ಅವನು ಫೋನನ್ನು ತಂಗಿಯ ಮುಂದೆ ಹಿಡಿದ. ಅವಳು ಓದಿ, "ಹೂಂ" ಎಂದಳು. ಆ ಒಂದು ಹೂಂ ಅವನಿಗೆ ಪದಕ ಸಿಕ್ಕಂತಾಯಿತು. ಹಾಗೆಂದು ಅವನು ಸುಮ್ಮನಿದ್ದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಕಟ್ಟಡದವರು ಸುಮ್ಮನಿರಬೇಕಲ್ಲ.

ಮೊದಲು ಬಂದವರು ನಿವಾಸಿಗಳ ಸಂಘದ ಅಧ್ಯಕ್ಷರು. ತೆರಿಗೆ ಇಲಾಖೆಯಲ್ಲಿ ಆಯುಷ್ಯವಿಡೀ ದುಡಿದು ನಿವೃತ್ತರಾದ ಮೇಲೂ ಜನರನ್ನು ಎದುರಿಗೆ ಕೂರಿಸಿ ಪ್ರಶ್ನೆ ಕೇಳುವ ಚಟ ಬಿಟ್ಟಿರಲಿಲ್ಲ.

"ಆ ಕೀಲಿಕಾರ ಅನ್ನೋನು ಕಂಡಕಂಡವರ ಮನೆಗೆ ನುಗ್ತಾನಂತೆ?"

"ಹೌದು ಸಾರ್, ಆಟ ಅಲ್ವಾ..."

"ಮಡಕೆ ಒಡೀತಾನಂತೆ? ಒಳಗಿದ್ದಿದ್ದನ್ನ ಜೇಬಿಗೆ ಹಾಕ್ಕೊಳ್ತಾನಂತೆ?"

"ಎಲ್ಲಾ ಭಾಗದಲ್ಲೂ ಒಡೀತಾನೆ ಸಾರ್."

"ಒಂಬತ್ತು ಭಾಗ ಆಯ್ತು, ಒಬ್ಬನಾದ್ರೂ ಕೇಳಿಲ್ಲ! ಹತ್ತನೇದ್ರಲ್ಲಿ ಬಾಗಿಲು ತಟ್ಟಿ, ಅನುಮತಿ ತಗೊಂಡು ಒಳಗೆ ಹೋಗಬೇಕು. ನಾನು ಹೇಳಿದೆ ಅಂತ ಹೇಳಿ."

ಅವರ ಹಿಂದೆಯೇ ನೆಲಮಹಡಿಯ ಹಲ್ಲಿನ ಡಾಕ್ಟರು ಬಂದರು. ಮಕ್ಕಳನ್ನು ಹೆದರಿಸದೆ ಹಲ್ಲುಜ್ಜಿಸುವುದು ಹೇಗೆಂಬುದೇ ಅವರ ಜೀವನದ ಚಿಂತೆ. ಒಂಬತ್ತು ಭಾಗಗಳಲ್ಲಿ ಬರುವ ಡ್ರಾಗನ್ನುಗಳ ಹಲ್ಲಿನ ಸಾಲು ವೈಜ್ಞಾನಿಕವಾಗಿಲ್ಲವೆಂದೂ, ಆ ದವಡೆಯಿಂದ ಕುರಿಯಿರಲಿ, ಬಾಳೆಹಣ್ಣೂ ಅಗಿಯಲಾಗದೆಂದೂ ಅವರು ಪ್ಲಾಸ್ಟರಿನ ದವಡೆ ತಂದು ತೋರಿಸಿದರು. ಮೊದಲ ಮಹಡಿಯ, ಭಾರ ಎತ್ತುವ ಅವಳಿ ಅಣ್ಣತಮ್ಮಂದಿರು ಹೆಚ್ಚು ಮಾತಾಡುವವರಲ್ಲ. ಕೀಲಿಕಾರನ ತೋಳು ಸಣ್ಣ, ಎಂದಷ್ಟೇ ಹೇಳಿ ಹೋದರು.

ದೊಡ್ಡಮ್ಮನದು ಬೇರೆಯೇ ತಕರಾರು. "ಒಂಬತ್ತು ಸಲ ಜೀವ ಒತ್ತೆ ಇಟ್ಟು ಬಿಡಿಸ್ಕೊಂಡು ಬಂದ ಆ ಹುಡುಗ. ಆ ಮಹರಾಣಿ ಒಂದು ಸಲನಾದ್ರೂ 'ಕೂತ್ಕೋ, ಊಟ ಮಾಡ್ಕೊಂಡು ಹೋಗು' ಅಂದಳಾ? ಕೇಳು ನಿಮ್ಮ ಕಂಪನಿಯವರನ್ನ!"

ಸಂಘದ ಸಭೆ ಸೇರಿ, ನೀರಿನ ಟ್ಯಾಂಕು ಸೋರುವ ವಿಷಯವನ್ನು ಬದಿಗಿಟ್ಟು, ಮಂಜುಕೋಟೆಯ ಭವಿಷ್ಯವನ್ನು ಚರ್ಚಿಸಿತು. ಆಕಾಶಕ್ಕೆ ಹೋಗಲಿ ಎಂದವರಿದ್ದರು, ಸಮುದ್ರದಡಿಗೆ ಹೋಗಲಿ ಎಂದವರಿದ್ದರು. ಗಾಬರಿಬೇಡಪ್ಪ ಎದ್ದುನಿಂತು, "ಎಲ್ಲಿಗೂ ಹೋಗೋದು ಬೇಡ. ಮೊದಲು ಹೊಳೆ ದಡಕ್ಕೆ ವಾಪಸ್ ಹೋಗ್ಲಿ" ಎಂದ. ಅಧ್ಯಕ್ಷರು, "ವಾಪಸ್ ಹೋಗೋ ಸಾಹಸದ ಆಟ ಎಲ್ಲಾದ್ರೂ ಇರುತ್ತೇನ್ರೀ?" ಎಂದು ನಕ್ಕರು. ಎಲ್ಲರೂ ನಕ್ಕರು. ತಂಗಿ ನಗಲಿಲ್ಲ. ಅವಳು ನೀರಿನ ಟ್ಯಾಂಕಿನ ವಿಷಯಕ್ಕೆಂದು ಬಂದಿದ್ದಳು.

ಈ ವಾದ ಅವನ ಕಚೇರಿಗೂ ಹಬ್ಬಿತು. ಬ್ಯಾಂಕಿನ ಕಟ್ಟಡವೊಂದರ ಲಿಫ್ಟಿನಲ್ಲಿ ಸಿಕ್ಕಿಕೊಂಡ ಗ್ರಾಹಕನೊಬ್ಬನಿಗೆ ಧೈರ್ಯ ಹೇಳುತ್ತಾ ಗಾಬರಿಬೇಡಪ್ಪ ಮಾತಿಗೆ ಮಾತು ಸೇರಿಸಲು, "ನೀವು ಮಂಜುಕೋಟೆ ಆಡ್ತೀರಾ?" ಎಂದುಬಿಟ್ಟ.

"ಅಯ್ಯೋ, ಪ್ರಾಣ!" ಎಂದ ಆತ. "ಹತ್ತನೇದು ಆಕಾಶಕ್ಕೇ ಹೋಗಬೇಕು ಸಾರ್. ತೇಲೋ ಊರುಗಳು!"

"ಆಕಾಶನಾ? ದಡದಲ್ಲಿ ಕೂತಿರೋನ ಗತಿ?"

"ಯಾರ್ರೀ ಅವನು ಜುಜುಬಿ ದೋಣಿಯವನು!"

"ಜುಜುಬಿನಾ? ನೀವೀಗ ಎಲ್ಲಿದೀರಾ ಹೇಳಿ. ನಾಲ್ಕನೇ ಮಹಡಿಗೂ ಐದನೇ ಮಹಡಿಗೂ ನಡುವೆ! ನಾನು ನಿಮ್ಮನ್ನ ಜುಜುಬಿ ಅಂದ್ನಾ?"

ಜಗಳ ಎಲ್ಲಿಗೆ ಮುಟ್ಟಿತೆಂದರೆ, ಮೆಕ್ಯಾನಿಕ್ಕು ಬಂದು ಬಾಗಿಲು ತೆರೆದಾಗ ಆತ "ಸ್ವಲ್ಪ ತಡೀರಿ, ಇವರಿಗೊಂದು ಉತ್ತರ ಕೊಟ್ಟು ಬರ್ತೀನಿ" ಎಂದು ಬಾಗಿಲನ್ನು ಒಳಗಿನಿಂದ ಎಳೆದುಕೊಂಡನಂತೆ. ಹಿಂದೆ ನಿಂತು ಎಲ್ಲ ಕೇಳಿಸಿಕೊಂಡ ಮೇಲ್ವಿಚಾರಕರು ಗಾಬರಿಬೇಡಪ್ಪನ ಹೆಗಲ ಮೇಲೆ ಕೈಯಿಟ್ಟರು. "ಇನ್ನೊಂದು ಸಲ ಈ ದೋಣಿ ನನ್ನ ಕಿವಿಗೆ ಬಿದ್ರೆ ನೀನೂ ದಡ ಸೇರ್ತೀಯ" ಎಂದರು.

ವಾರಗಳು ಕಳೆದವು. ಕಂಪನಿಯ ತಂಡ ಸಂಪರ್ಕಿಸಲಿಲ್ಲ. ತಂಗಿ ಏನೂ ಕೇಳಲಿಲ್ಲ. ಅವಳು ಕೇಳದಿರುವುದು ಮನೆಯಲ್ಲಿ ಫ್ರಿಜ್ಜಿನ ಗುಂಯ್‌ಗುಡುವಿಕೆಯಂತೆ ಸದಾ ಕೇಳಿಸುತ್ತಿತ್ತು. ಕೊನೆಗೆ ಗಾಬರಿಬೇಡಪ್ಪ ತನ್ನ ಕಸುಬಿನ ಲೆಕ್ಕದಲ್ಲಿ ಯೋಚಿಸಿದ. ತಂಡ ಹೊರಟು ಇನ್ನೂ ತಲುಪಿಲ್ಲವೆಂದರೆ ದಾರಿಯಲ್ಲೇ ಎಲ್ಲೋ ಸಿಕ್ಕಿಹಾಕಿಕೊಂಡಿರಬೇಕು. ಹೋಗಿ ನೋಡುವುದು ತನ್ನ ಕರ್ತವ್ಯ. ಹೊಟ್ಟೆನೋವೆಂದು ಹೇಳಿ ರಜೆ ಹಾಕಿ, ಒಬ್ಬನೇ ಸದ್ದಿಲ್ಲದೆ ಹೊರಟ. ಸದ್ದಿಲ್ಲದೆ ಎಂಬುದನ್ನು ದೊಡ್ಡಮ್ಮನಿಗೂ ಹೇಳಿದ್ದು ತಪ್ಪಾಯಿತು.

ಕಂಪನಿಯ ಗಾಜಿನ ಕಟ್ಟಡದೆದುರು ಅವನು ಬಸ್ಸಿಳಿದಾಗ ಹಿಂದಿನ ಬಸ್ಸಿನಿಂದ ನಿಯೋಗವೇ ಇಳಿಯಿತು. ಅಧ್ಯಕ್ಷರು ಕೋಟು ಹಾಕಿದ್ದರು. ಡಾಕ್ಟರ ಕಂಕುಳಲ್ಲಿ ದವಡೆಯಿತ್ತು. ಅವಳಿಗಳು ದೊಡ್ಡಮ್ಮನನ್ನೂ ಅವಳ ಮಡಚುವ ಕುರ್ಚಿಯನ್ನೂ ಹೆಚ್ಚುಕಡಿಮೆ ಎತ್ತಿಕೊಂಡೇ ಬಂದರು. ಕೊನೆಗೆ ತಂಗಿ. ದೊಡ್ಡಮ್ಮನ ಮಾತ್ರೆ ಹಿಡಿದುಕೊಳ್ಳಲು ಒಬ್ಬರು ಬೇಕಿತ್ತಂತೆ.

ಸ್ವಾಗತದ ಮೇಜಿನ ಹುಡುಗಿ ಕತ್ತೆತ್ತಿ, "ಅಪಾಯಿಂಟ್‌ಮೆಂಟ್ ಇದೆಯಾ?" ಎಂದಳು.

ಗಾಬರಿಬೇಡಪ್ಪ ಹೆಮ್ಮೆಯಿಂದ ಫೋನು ಚಾಚಿದ. ಹುಡುಗಿ ಓದಿದಳು. ಅವಳ ಮುಖದಲ್ಲಿ ಕರುಣೆ ಮೂಡಿತು. ಕರುಣೆ ಮೂಡಿದ ಕೂಡಲೇ ಅಧ್ಯಕ್ಷರಿಗೆ ಅಪಾಯದ ವಾಸನೆ ಬಡಿದು ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಸಾರ್, ಇದು ಎಲ್ಲರಿಗೂ ಹೋಗುತ್ತೆ. ಯಾರೂ ಓದಲ್ಲ. ಯಂತ್ರ ಕಳಿಸೋದು."

"ಯಂತ್ರ ಹೇಗಮ್ಮ 'ಸಂಪರ್ಕಿಸುತ್ತೆ' ಅಂತ ಮಾತು ಕೊಡುತ್ತೆ? ಯಂತ್ರಕ್ಕೆ ಬರೋಕೆ ಕಾಲಿದೆಯಾ?"

"ಹಾಗಂತ ಬರೆದಿಟ್ಟಿರ್ತೀವಿ ಸಾರ್."

ಹಿಂದೆ ನಿಂತ ನಿಯೋಗ ಒಬ್ಬರ ಮುಖ ಒಬ್ಬರು ನೋಡಿಕೊಂಡಿತು. "ಅಂದ್ರೆ ಕಂಪನಿಯವರು ನಿನ್ನ ಕೈ ಹಿಡಿದು ಕೇಳ್ಕೊಳ್ಳಲಿಲ್ವೇನೋ?" ಎಂದಳು ದೊಡ್ಡಮ್ಮ. ಗಾಬರಿಬೇಡಪ್ಪ ತಂಗಿಯ ಕಡೆ ತಿರುಗಿದ. ಬಾಯಿ ತೆರೆದ. ಗಾಬರಿಯಾಗಬೇಡಿ ಎಂಬುದನ್ನು ಬಿಟ್ಟು ಅದರಿಂದ ಬೇರೇನೂ ಹೊರಡುವಂತಿರಲಿಲ್ಲ. ಆದ್ದರಿಂದ ಮುಚ್ಚಿದ.

"ಗೊತ್ತಿತ್ತು" ಎಂದಳು ತಂಗಿ. "ಅವತ್ತೇ ಗೊತ್ತಾಯ್ತು." ಆಮೇಲೆ ಸ್ವಾಗತದ ಹುಡುಗಿಯ ಕಡೆ ತಿರುಗಿ, "ಬರೆದಿಟ್ಟವರು ಯಾವ ಮಹಡೀಲಿ ಕೂರ್ತಾರೆ?" ಎಂದಳು.

"ಏಳನೇ... ಮೇಡಂ, ಹಾಗೆಲ್ಲ ಹೋಗೋ ಹಾಗಿಲ್ಲ!"

ತಂಗಿ ಆಗಲೇ ಲಿಫ್ಟಿನೊಳಗಿದ್ದಳು. ಅವಳು ತಾನಾಗಿ ಎಲ್ಲಿಗಾದರೂ ಹೊರಟದ್ದನ್ನು ಗಾಬರಿಬೇಡಪ್ಪ ನೋಡಿ ವರ್ಷವಾಗಿತ್ತು. ಓಡಿದ. ಅವನ ಹಿಂದೆ ನಿಯೋಗ ಓಡಿತು. ಒಳಗೆ ಕೈಯಲ್ಲಿ ಕಾಫಿ ಲೋಟ ಹಿಡಿದ ಹೆಂಗಸೊಬ್ಬಳು ಮೊದಲೇ ನಿಂತಿದ್ದಳು. ನಿಯೋಗದ ಒತ್ತಡಕ್ಕೆ ಅವಳು ಹಿಂದಿನ ಗೋಡೆಗೆ ಅಂಟಿದಳು. ಭಾರ ಹೆಚ್ಚಾಯಿತೆಂದು ಲಿಫ್ಟು ಕಿರುಚತೊಡಗಿತು.

"ಯಾರಾದ್ರೂ ಇಳೀರಿ" ಎಂದು ಅಂಗಲಾಚಿದ ಗಾಬರಿಬೇಡಪ್ಪ. "ಅದು ಯಾಕೆ ಕೂಗ್ತಿದೆ ಅಂತ ನನಗೆ ಗೊತ್ತು!"

"ಆ ಗಂಟೆ ಸಲಹೆ ಮಾತ್ರ. ಆದೇಶ ಅಲ್ಲ" ಎಂದು ಅಧ್ಯಕ್ಷರು ತೀರ್ಪು ಕೊಟ್ಟರು. ಹೊಟ್ಟೆ ಒಳಗೆಳೆದುಕೊಂಡರೆ ಸರಿಹೋಗುತ್ತದೆಂದು ಅವಳಿಗಳು ಉಸಿರು ಬಿಗಿಹಿಡಿದರು. ಆಶ್ಚರ್ಯವೆಂದರೆ ಕಿರುಚಾಟ ನಿಂತು ಬಾಗಿಲು ಮುಚ್ಚಿತು. ಮೂರನೇ ಮಹಡಿ ದಾಟುತ್ತಲೇ ಅವಳಿಗಳು ಉಸಿರು ಬಿಟ್ಟರು. ಲಿಫ್ಟು ಕುಲುಕಿ ನಿಂತಿತು.

ಸಾವಿರಾರು ಜನರನ್ನು ದನಿಯಿಂದಲೇ ಲಿಫ್ಟಿನಿಂದ ಇಳಿಸಿದ್ದ ಗಾಬರಿಬೇಡಪ್ಪ ತಾನು ಮಾತ್ರ ಯಾವತ್ತೂ ಸಿಕ್ಕಿಹಾಕಿಕೊಂಡಿರಲಿಲ್ಲ. "ಅಯ್ಯಯ್ಯೋ! ಯಾರಾದ್ರೂ ಇದೀರಾ! ಸತ್ತೆವು!" ಎಂದು ಎರಡೂ ಕೈಯಿಂದ ಬಾಗಿಲು ಬಡಿಯತೊಡಗಿದ. ದೊಡ್ಡಮ್ಮ ಕುರ್ಚಿ ಬಿಡಿಸಿ ಕೂತು, ಕೈಚಾಚಿ ಕೆಂಪು ಗುಂಡಿ ಒತ್ತಿದಳು.

ಗೋಡೆಯ ತೂತುಗಳಿಂದ ಹೆಣ್ಣುದನಿ ಬಂತು. "ಗಾಬರಿಯಾಗಬೇಡಿ. ನಿಮ್ಮನ್ನ ಹೊರಗೆ ಕರಕೊಂಡು ಬರ್ತೀವಿ. ಅಲ್ಲೀವರೆಗೂ..." ದನಿ ನಿಂತಿತು. "ಅಣ್ಣಾ? ಈ ಕೂಗ್ತಿರೋದು ನೀವಾ? ಹೊಟ್ಟೆನೋವು ಅಂತ ಮಲಗಿದ್ರಲ್ಲ?"

ಪಕ್ಕದ ಮೇಜಿನ ಸಹೋದ್ಯೋಗಿ! ಅವಳ ಹಿಂದಿನಿಂದ ಇನ್ನೊಂದು ದನಿ ತೇಲಿ ಬಂತು. "ಯಾರದು? ಎಲ್ಲಿದಾನೆ?" ಮೇಲ್ವಿಚಾರಕರು.

"ದೋಣಿ ವಿಷಯಕ್ಕೆ ಬಂದಿದ್ವಿ ಸಾರ್!" ಎಂದು ಡಾಕ್ಟರು ಸಹಾಯ ಮಾಡಿದರು.

ಮೇಲ್ವಿಚಾರಕರು ಬಲು ಸಾವಕಾಶವಾಗಿ, "ಮೆಕ್ಯಾನಿಕ್ಕು ಊಟಕ್ಕೆ ಹೋಗಿದಾನೆ. ಮುಗಿಸಿ ಬರ್ತಾನೆ" ಎಂದರು.

ಗೋಡೆಗಂಟಿದ್ದ ಹೆಂಗಸು ಕಾಫಿಲೋಟವನ್ನು ತಲೆಯ ಮೇಲೆತ್ತಿ ಹಿಡಿದು, "ದೋಣಿ ಅಂದ್ರೇನು? ನೀವೆಲ್ಲ ಯಾರು?" ಎಂದಳು. ದೊಡ್ಡಮ್ಮ ಪ್ರವರ ಬಿಚ್ಚಿದಳು. ಹೆಂಗಸಿನ ಮುಖ ಬಿಳಿಚಿತು. ಅವಳು ಮಂಜುಕೋಟೆಯ ಕಥಾ ವಿಭಾಗದ ಮುಖ್ಯಸ್ಥೆ. ಅಂದು ಬೆಳಿಗ್ಗೆ ಕಂಡಕಂಡ ಅಭಿಮಾನಿಗಳಿಂದ ತಪ್ಪಿಸಿಕೊಳ್ಳಲೆಂದೇ ಹಿಂಬಾಗಿಲಿನಿಂದ ಬಂದಿದ್ದಳಂತೆ.

ನಿಯೋಗಕ್ಕೆ ಇನ್ನೇನು ಬೇಕು? ಅಧ್ಯಕ್ಷರು ಮಡಕೆಗಳ ಬಗ್ಗೆ ವಿಚಾರಣೆ ನಡೆಸಿದರು. ಡಾಕ್ಟರು ಅವಳ ಮೂಗಿನ ಕೆಳಗೆ ದವಡೆ ತೆರೆದು ಮುಚ್ಚಿ ತೋರಿಸಿದರು. ದೊಡ್ಡಮ್ಮ ರಾಣಿಯ ಸಂಸ್ಕಾರವನ್ನು ಕುಲದವರೆಗೂ ಹಿಡಿದು ಜಾಲಾಡಿದಳು. ಎಲ್ಲರ ಉಸಿರೂ ಮುಗಿದಾಗ ಮೂಲೆಯಲ್ಲಿ ಬೆವರುತ್ತಿದ್ದ ಗಾಬರಿಬೇಡಪ್ಪ ಕ್ಷೀಣವಾಗಿ ಕೇಳಿದ.

"ಮೂರನೇ ಭಾಗದ ದೋಣಿಯವನನ್ನ ಯಾವಾಗ ಕರಕೊಂಡು ಬರ್ತೀರಾ ಮೇಡಂ?"

ಅವಳು ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದಳು. ಆಮೇಲೆ, ಇಷ್ಟರಲ್ಲಿ ಇದೊಂದೇ ಸುಲಭದ ಪ್ರಶ್ನೆ ಎಂಬಂತೆ ನಕ್ಕಳು. "ಅವನಾ! ಅವನು ಪಾತ್ರನೇ ಅಲ್ಲ. ದೋಣಿ ತಾನಾಗೇ ಚಲಿಸಿದ್ರೆ ಚೆನ್ನಾಗಿರಲ್ಲ ಅಂತ ಒಬ್ಬನನ್ನ ಕೂರಿಸಿದ್ವಿ. ಎದುರಿಂದ ಮಾತ್ರ ಕಾಣ್ತಾನಲ್ಲ, ಅದಕ್ಕೇ ಅವನಿಗೆ ಬೆನ್ನೂ ಬರೆದಿಲ್ಲ."

"ಬೆನ್ನಿಲ್ವಾ?" ಎಂದರು ಡಾಕ್ಟರು, ವೃತ್ತಿಪರ ಆಸಕ್ತಿಯಿಂದ.

"ಇಲ್ಲ. ತಿರುಗಿದ್ರೆ ಮಾಯ ಆಗ್ತಾನೆ."

"ಅದಕ್ಕೇ!" ಎಂದು ಗಾಬರಿಬೇಡಪ್ಪ ಕೂಗಿದ. ಅವನ ಹೆದರಿಕೆ ಎಲ್ಲಿ ಹೋಯಿತೋ. "ಅದಕ್ಕೇ ಅವನು ಎದ್ದು ಮನೆಗೆ ಹೋಗಿಲ್ಲ! ಕಾಯ್ತಾನೇ ಇರ್ಲಿ ಅಂತ ಬೆನ್ನೇ ಕೊಟ್ಟಿಲ್ವಲ್ಲರೀ ನೀವು! ಆ ನೆರಳರಸ ಒಂಬತ್ತು ಸಲ ಸತ್ತು ಒಂಬತ್ತು ಸಲ ವಾಪಸ್ ಬಂದ. ಅವನಿಗೆ ಬೆನ್ನು, ಹೊಟ್ಟೆ, ಹೊಸ ಕಿರೀಟ! ಒಳ್ಳೆಯವನ ಹತ್ರ ಒಂದೇ ಒಂದು ಸಲ ಹೋಗಿ ಬನ್ನಿ ಅಂದ್ರೆ..."

"ನೋಡಿ, ಅದು ಬರೀ ಆಟ" ಎಂದಳು ಮುಖ್ಯಸ್ಥೆ. "ಹತ್ತನೇ ಭಾಗ ಆಕಾಶಕ್ಕೆ ಅಂತ ಮೇಲಿನವರು ತೀರ್ಮಾನ ಮಾಡಿಯಾಗಿದೆ. ಅಲ್ಲಿ ಹೊಳೆನೇ ಇಲ್ಲ. ಆಟ ಯಾವಾಗ್ಲೂ ಮುಂದಕ್ಕೆ ಹೋಗಬೇಕು."

"ಹಾಗಿದ್ರೆ 'ಬರ್ತೀನಿ' ಅಂತ ಒಂದೇ ಗುಂಡಿ ಯಾಕಿಟ್ರಿ?"

ಕೇಳಿದವಳು ತಂಗಿ. ದನಿ ಎತ್ತಿರಲಿಲ್ಲ. ಆದರೂ ದೊಡ್ಡಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

"ಪಕ್ಕದಲ್ಲಿ 'ಬರಲ್ಲ' ಅಂತ ಇನ್ನೊಂದಿಡಬಹುದಿತ್ತು" ಎಂದಳು ತಂಗಿ. "ಕೇಳ್ಕೊಂಡು ದೋಣಿ ತಿರುಗಿಸ್ಕೊಂಡು ಹೋಗ್ತಿದ್ದ. ಅಷ್ಟು ಮಾಡೋಕೆ ನಿಮಗೆ ಏನಾಗಿತ್ತು?"

ಕಾಫಿಲೋಟ ಹಿಡಿದ ಕೈ ಮೆಲ್ಲನೆ ಕೆಳಗಿಳಿಯಿತು. ಅಷ್ಟರಲ್ಲಿ ಊಟ ಮುಗಿಸಿದ ಮೆಕ್ಯಾನಿಕ್ಕು ಬಂದು ಬಾಗಿಲು ತೆರೆದ. "ನೋಡ್ತೀನಿ, ತಿಳಿಸ್ತೀನಿ" ಎನ್ನುತ್ತಾ ಮುಖ್ಯಸ್ಥೆ ಅವಳಿಗಳ ನಡುವಿನಿಂದ ನುಸುಳಿ ಓಡಿದಳು. ಸ್ವಾಗತದ ಹುಡುಗಿ ಕಾವಲುಗಾರರ ಜೊತೆ ಕಾಯುತ್ತಿದ್ದಳು. ನಿಯೋಗವನ್ನು ಬಹಳ ಗೌರವದಿಂದ ರಸ್ತೆಯವರೆಗೆ ಬಿಡಲಾಯಿತು.

ಮುಂದಿನ ತಿಂಗಳು ಊರಿನ ಎಲ್ಲ ಬಸ್ ನಿಲ್ದಾಣಗಳಲ್ಲೂ ಚಿತ್ರ ಬಂತು: 'ಮಂಜುಕೋಟೆ ಹತ್ತು. ಈ ಸಲ ಆಕಾಶಕ್ಕೆ!' ಮೋಡದ ಮೇಲೆ ನಿಂತ ಕೀಲಿಕಾರನ ತೋಳುಗಳು ಮೊದಲಿಗಿಂತ ದಪ್ಪವಾಗಿದ್ದವು. ಅವಳಿಗಳು ತಾವು ಗೆದ್ದೆವೆಂದು ಮೊದಲ ಮಹಡಿಯಲ್ಲಿ ಸಿಹಿ ಹಂಚಿದರು. ಅಧ್ಯಕ್ಷರು, "ಬಿಟ್ಟಾಕ್ರೀ ಗಾಬರಿಬೇಡಪ್ಪ. ನಮ್ಮ ಕೈಲಾಗಿದ್ದು ಮಾಡಿದ್ವಿ" ಎಂದರು. ಮೇಲ್ವಿಚಾರಕರು ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಊರಿನ ಅತಿ ಹಳೆಯ ಲಿಫ್ಟುಗಳಿರುವ ಬಡಾವಣೆಯ ಕರೆಗಳನ್ನೆಲ್ಲ ಅವನ ಪಾಲಿಗೆ ಹಾಕಿದರು, ಅಷ್ಟೇ.

ಗಾಬರಿಬೇಡಪ್ಪ ಮನೆಗೆ ಬಂದು, ಬೂಟು ಬಿಚ್ಚದೆ, ಕಂಪನಿಯ ಗ್ರಾಹಕ ಸೇವೆಗೆ ಫೋನು ಮಾಡಿದ. 'ನಿಮ್ಮ ಕರೆ ನಮಗೆ ಅಮೂಲ್ಯ. ದಯವಿಟ್ಟು ಕಾಯಿರಿ' ಎಂದಿತು ಯಂತ್ರ. ಪಿಟೀಲು ನುಡಿಯಿತು. ಮತ್ತೆ ಅಮೂಲ್ಯ ಎಂದಿತು. ಅವನು ಸ್ಪೀಕರು ಹಾಕಿ ಫೋನನ್ನು ಮೇಜಿನ ಮೇಲಿಟ್ಟ, ಚಾರ್ಜರು ಸಿಕ್ಕಿಸಿದ, ಎದುರಿಗೆ ಕೂತ.

"ಏನು ಮಾಡ್ತಿದೀಯ?" ಎಂದಳು ತಂಗಿ.

"ಲೈನಲ್ಲಿದೀನಿ" ಎಂದ. "ಇದೊಂದು ನನಗೆ ಬರುತ್ತೆ."

ಕಂಪನಿಯ ಯಂತ್ರಕ್ಕೆ ಕರೆಯನ್ನು ಕಾಯಿಸುವುದು ಗೊತ್ತಿತ್ತು, ಕತ್ತರಿಸುವುದು ಗೊತ್ತಿರಲಿಲ್ಲ. ಕಾದವರು ತಾವಾಗೇ ಬೇಸತ್ತು ಇಡುತ್ತಾರೆಂದು ಅವರ ನಂಬಿಕೆ. ಗಾಬರಿಬೇಡಪ್ಪ ಇಡಲಿಲ್ಲ. ಮರುದಿನ ಅವನು ಕೆಲಸಕ್ಕೆ ಹೋದಾಗ ದೊಡ್ಡಮ್ಮ ಫೋನಿನ ಎದುರು ಕೂತಳು. "ಅಮೂಲ್ಯ ಅಮೂಲ್ಯ ಅಂತೀಯ, ಎತ್ತೋಕೇನು ರೋಗ ನಿಂಗೆ?" ಎಂದು ಅವಳು ಯಂತ್ರವನ್ನು ಬಯ್ಯುವುದು ಮೂರು ಮಹಡಿಗಳಿಗೆ ಕೇಳಿಸಿ ನೆರೆಯವರು ಇಣುಕಿದರು. ಇಣುಕಿದವರೆಲ್ಲ ಕೂತರು. ಅವಳಿಗಳು ಭಾರ ಎತ್ತುತ್ತಾ ಕಾದರು. ಡಾಕ್ಟರು ಫೋನನ್ನು ಕ್ಲಿನಿಕ್ಕಿಗೆ ಒಯ್ದಾಗ, ಬಾಯಿ ತೆರೆದು ಮಲಗಿದ ರೋಗಿಗಳು ಪಿಟೀಲು ಕೇಳಿ ನೋವು ಮರೆತರಂತೆ. ಬಿಟ್ಟಾಕಿ ಎಂದಿದ್ದ ಅಧ್ಯಕ್ಷರೇ ಒಂದು ಸಂಜೆ ಕೋಟು ಹಾಕಿಕೊಂಡು ಬಂದು, "ಎದ್ದೇಳ್ರೀ, ಈಗ ನನ್ನ ಪಾಳಿ. ಅಧಿಕಾರಿಗಳನ್ನ ಕಾಯೋದು ಹೇಗೆ ಅಂತ ನನಗೆ ಗೊತ್ತು, ಎಷ್ಟು ಜನರನ್ನ ಕಾಯಿಸಿಲ್ಲ ನಾನು!" ಎಂದರು. ದೋಣಿಯವನನ್ನು ಯಾರೂ ಈಗ ಜುಜುಬಿ ಎನ್ನುತ್ತಿರಲಿಲ್ಲ. ಕಟ್ಟಡದಲ್ಲಿ ಅವನೊಬ್ಬ ಬಾಡಿಗೆದಾರನಂತೆಯೇ ಆಗಿದ್ದ.

ಒಂದು ಭಾನುವಾರ ತಂಗಿಯ ಸರದಿ. ಅವಳು ಬಟ್ಟೆ ಮಡಚುತ್ತಾ ಕೂತಿದ್ದಳು. ಗಾಬರಿಬೇಡಪ್ಪ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದ. ಪಿಟೀಲು ಥಟ್ಟನೆ ನಿಂತಿತು.

"ಹಲೋ?" ಎಂದಿತು ಮನುಷ್ಯರ ದನಿ. ಮುಖ್ಯಸ್ಥೆಯದೇ. "ಈ ಲೈನನ್ನ ಯಾರೋ ಬಿಡ್ತಾನೇ ಇಲ್ಲ ಅಂತ ಸೇವಾ ವಿಭಾಗದವರು ಅಳ್ತಿದಾರೆ. ಯಾರು ಮಾತಾಡೋದು?"

ಗಾಬರಿಬೇಡಪ್ಪ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತ.

"ದೋಣಿಯವನ ಕಡೆಯವರು" ಎಂದಳು ತಂಗಿ.

ಆ ಕಡೆ ಉಸಿರು ಬಿಟ್ಟ ಸದ್ದು. "ಲಿಫ್ಟಲ್ಲಿ ಗುಂಡಿ ವಿಷಯ ಕೇಳಿದ್ದು ನೀವಲ್ವಾ? ಎಷ್ಟು ಹೊತ್ತಿಂದ ಲೈನಲ್ಲಿದೀರಾ?"

"ಮೂರನೇ ಭಾಗದಿಂದ."

ಹಾಲು ಉಕ್ಕಿ ಒಲೆಯ ಮೇಲೆ ಚೊರ್ರೆಂದಿತು. ಗಾಬರಿಬೇಡಪ್ಪ ಅದಕ್ಕೆ ಧೈರ್ಯ ಹೇಳಲೂ ಹೋಗಲಿಲ್ಲ.

"ಮೇಲಿನವರಿಗೆ ನಾನಿನ್ನೂ ಹೇಳಿಲ್ಲ" ಎಂದಳು ಮುಖ್ಯಸ್ಥೆ, ದನಿ ತಗ್ಗಿಸಿ. "ಅವನಿಗೆ ಬೆನ್ನು ಬರೆಯೋಕೆ ಶುರು ಮಾಡಿದೀನಿ. ನಾನೇ, ಕೆಲಸ ಮುಗಿದ ಮೇಲೆ ಕೂತು. ಆಕಾಶದಿಂದ ಹೊಳೆಗೆ ಇಳಿಯೋಕೆ ಒಂದು ದಾರೀನೂ ಮಾಡಬೇಕು. ಟೈಮ್ ಹಿಡಿಯುತ್ತೆ. ಕಾಯ್ತೀರಾ?"

"ಇಲ್ಲ" ಎಂದಳು ತಂಗಿ. "ಕಾಯೋದೆಲ್ಲ ಆಯ್ತು."

ಮಡಚಿದ ಅಂಗಿಯನ್ನು ಪಕ್ಕಕ್ಕಿಟ್ಟು, ಕುರ್ಚಿಯನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡಳು.

"ಲೈನಲ್ಲೇ ಇರ್ತೀನಿ. ನೀವು ಬರೀರಿ."